ತಿಪ್ಪಣ್ಣ ತೊಳೆದರೆ ಕಪ್ಪಕ್ಕನ ಹೊಂಡ ತುಂಬುತ್ತೆ

ಹ್ಞೂಂ ಅನ್ನೋರಿದ್ದರೆ ಹೇಳ್ತೀನಿ. ಹ್ಞೂಂ ಅನ್ನದಿದ್ದರೆ ಹೇಳಲ್ಲ. ನನಗೂ ಕೆಲಸ ಇದೆ, ಅವರೆಕಾಯಿ ಬಿಡಿಸೋದಿದೆ. ಎಲ್ಲಿ, ಹ್ಞೂಂ ಅನ್ನಿ. ಹಾಂ, ಹಾಗೆ.

ಚಳ್ಳಕೆರೆ ಕಡೆ ಒಂದು ಊರು. ಊರಲ್ಲಿ ಒಂದು ಮನೆ. ಮನೆ ಮುಂದೆ ಒಂದು ಬೇವಿನ ಮರ. ಮರದ ಬುಡದಲ್ಲಿ ಒಂದು ಹೊಂಡ. ಹೊಂಡದಲ್ಲಿ ಒಂದು ಕಪ್ಪೆ. ಅವಳ ಹೆಸರು ಕಪ್ಪಕ್ಕ. ಕಪ್ಪಕ್ಕನಿಗೆ ಹನ್ನೊಂದು ಮರಿ. ಇನ್ನೂ ಕಾಲು ಬಂದಿಲ್ಲ. ಇನ್ನೂ ಕೈ ಬಂದಿಲ್ಲ. ಬರೀ ತಲೆ, ಬರೀ ಬಾಲ. ನೀರು ಬಿಟ್ಟು ಆಚೆ ಬದುಕೋಕೆ ಅವಕ್ಕೆ ಇನ್ನೂ ಬರಲ್ಲ.

ಹೊಂಡಕ್ಕೆ ನೀರೆಲ್ಲಿಂದ ಬರ್ತಿತ್ತು? ಕೇಳಿ. ಆ ಮನೆಯಲ್ಲಿ ತಿಪ್ಪಣ್ಣ ಅಂತ ಒಬ್ಬ ಇದ್ದ. ಬಾಡಿಗೆ ಕಾರು ಓಡಿಸೋನು. ಬಿಳಿ ಕಾರು. ಭಾನುವಾರ ಬಂದರೆ ಬೇವಿನ ಕೆಳಗೆ ಕಾರು ನಿಲ್ಲಿಸೋನು. ಎರಡು ಬಕೆಟ್ ನೀರು ಇಟ್ಕೊಳ್ಳೋನು. ಸೋಪಿಲ್ಲ, ಪುಡಿಯಿಲ್ಲ. ಬರೀ ನೀರು, ಬರೀ ಬಟ್ಟೆ. ತಲೆ ಉಜ್ಜೋನು. ಬೆನ್ನು ಉಜ್ಜೋನು. ನಾಲ್ಕೂ ಚಕ್ರ ಉಜ್ಜೋನು. ನೀರು ಸುರ್ರಂತ ಇಳಿಯೋದು. ಸೀದಾ ಹೊಂಡಕ್ಕೆ ಹೋಗೋದು. ಮುಂದಿನ ಭಾನುವಾರದ ತನಕ ಕಪ್ಪಕ್ಕನಿಗೆ ಸಾಕಾಗೋದು.

ಒಂದು ಭಾನುವಾರ ಏನಾಯ್ತು? ಕಾರು ಎಲ್ಲಿಗೋ ಹೋಯ್ತು. ಪಳಪಳ ಅಂತ ವಾಪಸು ಬಂತು. ಕಾರು ಬಂತು, ನೀರು ಬರಲಿಲ್ಲ. ಸೋಮವಾರ ಬಿಸಿಲು. ಮಂಗಳವಾರ ಬಿಸಿಲು. ಬುಧವಾರ ಬಿಸಿಲು. ಗುರುವಾರ ಬಿಸಿಲು. ಶುಕ್ರವಾರ ಬಿಸಿಲು. ಶನಿವಾರ ಕೇಳಲೇಬೇಡಿ. ಮತ್ತೆ ಭಾನುವಾರ ಬರೋ ಹೊತ್ತಿಗೆ ಹೊಂಡ ಎಲ್ಲಿ? ಮೊರದಷ್ಟು ಉಳಿದಿತ್ತು. ಮೊರದಷ್ಟು ನೀರಲ್ಲಿ ಹನ್ನೊಂದು ಮರಿ.

ಏನು? ಯಾರಾದರೂ ಒಂದು ಕೊಡ ನೀರು ಹುಯ್ಯಬಾರದಿತ್ತಾ ಅಂತೀಯಾ? ಆ ಊರಲ್ಲಿ ನಲ್ಲಿ ನೀರು ಬರೋದು ನಾಲ್ಕು ದಿನಕ್ಕೊಂದು ಸಲ, ಮಗಾ. ಕುಡಿಯೋ ನೀರನ್ನ ಯಾರು ಮಣ್ಣಿಗೆ ಹುಯ್ತಾರೆ? ಮಧ್ಯ ಬಾಯಿ ಹಾಕಬೇಡ. ಹ್ಞೂಂ ಅನ್ನು ಸಾಕು.

ಕಪ್ಪಕ್ಕ ಹೊರಟಳು. ಕುಪ್ಪ ಕುಪ್ಪ ಕುಪ್ಪ. ಕಾರಿನ ಹತ್ರ ಹೋದಳು. ಕಾರಿನ ಮೈ ತುಂಬ ಧೂಳು.

"ಕಾರಣ್ಣ ಕಾರಣ್ಣ, ಇಲ್ಲೇ ಸ್ನಾನ ಮಾಡಪ್ಪ. ನೀನು ಮಾಡಿದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ ಉಳೀತಾವೆ."

ಕಾರು ಹೇಳಿತು, "ನನಗೂ ಇಲ್ಲೇ ಇಷ್ಟ ಕಣಕ್ಕ. ಹೋದ ವಾರ ಹೈವೇ ಪಕ್ಕದ ಕಾರು ತೊಳೆಯೋ ಮಿಷಿನ್ನಿಗೆ ಹೋಗಿದ್ದೆ. ಅದೂ ಚೆನ್ನಾಗೇ ತೊಳೆಯುತ್ತೆ. ಆದರೆ ನಾನಾಗೇ ಸ್ನಾನ ಮಾಡೋಕಾಗುತ್ತಾ? ತಿಪ್ಪಣ್ಣ ತೊಳೆದರೆ ಉಂಟು. ಅವನನ್ನ ಕೇಳು."

"ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು ಕಪ್ಪಕ್ಕ. ಆಗಲ್ಲ ಅಂದೋರಿಗೂ ಅವಳು ಹಾಗೇ ಅನ್ನೋಳು. ಅವಳ ಬುದ್ಧಿಯೇ ಹಾಗೆ. ನಿಮ್ಮ ಥರ ಮೂತಿ ಉಬ್ಬಿಸೋಳಲ್ಲ.

ಅಲ್ಲಿ ಹೊಂಡ ಮೊರದಷ್ಟಿದ್ದದ್ದು ತಟ್ಟೆಯಷ್ಟಾಯ್ತು.

ಕುಪ್ಪ ಕುಪ್ಪ ಕುಪ್ಪ. ಜಗಲಿ ಮೇಲೆ ತಿಪ್ಪಣ್ಣ ಪೇಪರ್ ಓದ್ತಾ ಕೂತಿದ್ದ.

"ತಿಪ್ಪಣ್ಣ ತಿಪ್ಪಣ್ಣ, ಕಾರು ತೊಳಿಯಣ್ಣ. ನೀನು ತೊಳೆದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ ಉಳೀತಾವೆ."

ತಿಪ್ಪಣ್ಣ ಪೇಪರಿಂದ ತಲೆ ಎತ್ತಲಿಲ್ಲ. "ಬೇವಿನ ಕೆಳಗೆ ಹೊಂಡವಾ? ಇರಬಹುದು. ನೋಡು, ಕೈಯಲ್ಲಿ ತೊಳೆದರೆ ಒಂದು ಗಂಟೆ. ಸೊಂಟ ಬೇರೆ ಹಿಡ್ಕೊಳುತ್ತೆ. ಮಿಷಿನ್ನಲ್ಲಾದರೆ ಐದೇ ನಿಮಿಷ. ಆದರೂ ನಾನೇ ತೊಳೀತಿದ್ದೆ. ಬಟ್ಟೆಯೇ ಕಾಣ್ತಿಲ್ಲ. ನಮ್ಮಪ್ಪನ ಹಳೇ ಪಂಚೆ ಅದು. ನೂರು ಸಲ ಒಗೆದು ಬೆಣ್ಣೆ ಥರ ಆಗಿತ್ತು. ಒರಟು ಬಟ್ಟೆ ಹಾಕಿದರೆ ಕಾರಿನ ಮೈ ಗೀರುತ್ತೆ. ಓಬಮ್ಮ ಎಲ್ಲಿಟ್ಟಿದ್ದಾಳೋ, ಅವಳನ್ನ ಕೇಳು. ಸಿಕ್ಕರೆ ಸರಿ. ಇಲ್ಲಾಂದ್ರೆ ಸಂಜೆ ಐದಕ್ಕೆ ಮಿಷಿನ್ನಿಗೆ ಹೋಗ್ತೀನಿ."

"ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು ಕಪ್ಪಕ್ಕ.

ಅಲ್ಲಿ ಹೊಂಡ ತಟ್ಟೆಯಷ್ಟಿದ್ದದ್ದು ರೊಟ್ಟಿಯಷ್ಟಾಯ್ತು.

ಕುಪ್ಪ ಕುಪ್ಪ ಕುಪ್ಪ. ಒಳಗೆ ತಿಪ್ಪಣ್ಣನ ಹೆಂಡತಿ ಓಬಮ್ಮ ಹಿಟ್ಟು ಜರಡಿ ಹಿಡೀತಿದ್ದಳು.

"ಓಬಕ್ಕ ಓಬಕ್ಕ, ಪಂಚೆ ಕೊಡಕ್ಕ. ನೀನು ಕೊಟ್ಟರೆ ತಿಪ್ಪಣ್ಣ ತೊಳೀತಾನೆ. ತಿಪ್ಪಣ್ಣ ತೊಳೆದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ ಉಳೀತಾವೆ."

ಓಬಮ್ಮ ಜರಡಿ ಕೆಳಗಿಟ್ಟಳು. ಬಾಗಿಲ ಕಡೆ ನೋಡಿದಳು. ದನಿ ಸಣ್ಣ ಮಾಡಿದಳು. "ಮೆಲ್ಲಗೆ ಮಾತಾಡೇ. ಹಳೇ ಬಟ್ಟೆಗೆ ಪಾತ್ರೆ ಕೊಡೋ ಮಾರಕ್ಕ ಬಂದಿದ್ದಳು. ಹರಕಲು ಬಟ್ಟೆ ಎಲ್ಲಾ ಗಂಟು ಕಟ್ಟಿ ಹಾಕಿದೆ. ಮಾವನ ಪಂಚೆ ಅದರೊಳಗೆ ಸೇರ್ಕೊಂಡು ಹೋಯ್ತು. ಒಂದು ಸ್ಟೀಲ್ ಬಟ್ಟಲು ಬಂತು. ಬಟ್ಟಲಲ್ಲಿ ಕಾರು ಒರೆಸೋಕಾಗುತ್ತಾ? ನಮ್ಮನೆಯವರಿಗೆ ಹೇಳೋಕೂ ಭಯ. ಮಾರಕ್ಕನ್ನ ಕೇಳು. ಅವಳು ತಂದರೆ ನಾನು ಕೊಡ್ತೀನಿ."

"ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು ಕಪ್ಪಕ್ಕ.

ಅಲ್ಲಿ ಹೊಂಡ ರೊಟ್ಟಿಯಷ್ಟಿದ್ದದ್ದು ಪೂರಿಯಷ್ಟಾಯ್ತು. ಹ್ಞೂಂ ಎಲ್ಲಿ? ನಿದ್ದೆ ಬಂತಾ? ಹಾಂ.

ಕುಪ್ಪ ಕುಪ್ಪ ಕುಪ್ಪ. ಬೀದಿ ಕೊನೆಯಲ್ಲಿ ಮಾರಕ್ಕ ಪಾತ್ರೆ ಬುಟ್ಟಿ ಇಳಿಸಿ ಕೂತಿದ್ದಳು. ಎಲೆ ಅಡಿಕೆ ಜಗೀತಿದ್ದಳು.

"ಮಾರಕ್ಕ ಮಾರಕ್ಕ, ಪಂಚೆ ತಾರಕ್ಕ. ನೀನು ತಂದರೆ ಓಬಕ್ಕ ಕೊಡ್ತಾಳೆ. ಓಬಕ್ಕ ಕೊಟ್ಟರೆ ತಿಪ್ಪಣ್ಣ ತೊಳೀತಾನೆ. ತಿಪ್ಪಣ್ಣ ತೊಳೆದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ ಉಳೀತಾವೆ."

ಮಾರಕ್ಕ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಎಲೆ ಅಡಿಕೆ ದಾಟಿಸಿದಳು. "ಆ ಮೆತ್ತನೆ ಪಂಚೆಯಾ? ಅದು ನನ್ನ ಹತ್ರ ಎಲ್ಲಿದೆ? ಹೈವೇ ಪಕ್ಕ ಕಾರು ತೊಳೆಯೋ ಮಿಷಿನ್ ಬಂದಿದೆಯಲ್ಲ, ಅದನ್ನ ನೋಡ್ಕೊಳ್ಳೋ ಬೊಮ್ಮಣ್ಣ ತಗೊಂಡ. ಅವನನ್ನ ಕೇಳು. ಅವನು ಬಿಟ್ಟರೆ ನಾನು ಬುಟ್ಟಿಯಲ್ಲಿಟ್ಟು ತರ್ತೀನಿ. ಅವನು ಬಿಡದೆ ನಾನೇನು ತರಲಿ, ನನ್ನ ತಲೆ?"

"ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು ಕಪ್ಪಕ್ಕ.

ಅಲ್ಲಿ ಹೊಂಡ ಪೂರಿಯಷ್ಟಿದ್ದದ್ದು ವಡೆಯಷ್ಟಾಯ್ತು. ವಡೆಯಷ್ಟು ನೀರಲ್ಲಿ ಹನ್ನೊಂದು ಮರಿ. ಬಾಲ ಆಡಿಸೋಕೂ ಜಾಗ ಇಲ್ಲ ಪಾಪ.

ಕುಪ್ಪ ಕುಪ್ಪ ಕುಪ್ಪ. ಕುಪ್ಪ ಕುಪ್ಪ ಕುಪ್ಪ. ಹೈವೇ ದೂರ. ಡಾಂಬರು ಸುಡ್ತಿತ್ತು. ಕಪ್ಪಕ್ಕನ ಕಾಲು ಚುರ್ ಅಂತಿತ್ತು. ಆದರೂ ಹೋದಳು. ತಾಯಿ ತಾನೇ.

ಮಿಷಿನ್ನು ಎಷ್ಟು ದೊಡ್ಡದು ಅಂತೀರಿ, ಮನೆಯಷ್ಟು. ಒಂದು ಕಾರು ಒಳಗೆ ಹೋಯ್ತು. ಬುಸ್ ಅಂತ ನೀರು. ಬುರುಬುರು ಅಂತ ನೊರೆ. ಗರಗರ ಅಂತ ಬ್ರಷ್ಷು. ಭರ್ರ್ ಅಂತ ಗಾಳಿ. ಐದೇ ನಿಮಿಷ. ಕಾರು ಆಚೆ ಬಂತು. ನೀರೆಲ್ಲಾ ಮೋರಿಗೆ ಹೋಯ್ತು. ಕಪ್ಪಕ್ಕ ಆ ಮೋರಿ ನೋಡಿದಳು. ನೊರೆ ನೀರು, ಕಣ್ಣು ಉರಿಯೋ ನೀರು. ಆ ನೀರು ಮರಿಗಳಿಗೆ ಆಗಲ್ಲ.

ಆಚೆ ಬಂದ ಕಾರನ್ನ ಬೊಮ್ಮಣ್ಣ ಒರೆಸ್ತಿದ್ದ. ಯಾವುದರಲ್ಲಿ? ತಿಪ್ಪಣ್ಣನ ಅಪ್ಪನ ಪಂಚೆಯಲ್ಲಿ.

"ಬೊಮ್ಮಣ್ಣ ಬೊಮ್ಮಣ್ಣ, ಪಂಚೆ ಬಿಡಣ್ಣ. ನೀನು ಬಿಟ್ಟರೆ ಮಾರಕ್ಕ ತರ್ತಾಳೆ. ಮಾರಕ್ಕ ತಂದರೆ ಓಬಕ್ಕ ಕೊಡ್ತಾಳೆ. ಓಬಕ್ಕ ಕೊಟ್ಟರೆ ತಿಪ್ಪಣ್ಣ ತೊಳೀತಾನೆ. ತಿಪ್ಪಣ್ಣ ತೊಳೆದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ ಉಳೀತಾವೆ."

ಬೊಮ್ಮಣ್ಣನ ಕಣ್ಣು ಕೆಂಪಗಿತ್ತು. ನಿದ್ದೆಗೆಟ್ಟ ಕಣ್ಣು. "ಕೊಡಬಹುದಿತ್ತು ಕಣಕ್ಕ. ಮಿಷಿನ್ನು ಎಲ್ಲಾ ಮಾಡುತ್ತೆ. ಆದರೆ ಕನ್ನಡಿ ಮೂಲೆ ಒರೆಸಲ್ಲ. ಬಾಗಿಲ ಸಂದಿ ಒರೆಸಲ್ಲ. ಅದಕ್ಕೆ ಮನುಷ್ಯನ ಕೈಯೇ ಬೇಕು. ಕೈಗೆ ಮೆತ್ತನೆ ಬಟ್ಟೆ ಬೇಕು. ಇದನ್ನ ಬಿಟ್ಟರೆ ನನ್ನ ಗತಿ ಏನು? ಹಿಂದುಗಡೆ ನಮ್ಮನೆ. ನಮ್ಮವ್ವ ಬೋರಜ್ಜಿ ಹತ್ರ ಒಂದು ಹಳೇ ಸೀರೆ ಇದೆ. ಅವಳು ಒಂದು ತುಂಡು ಹರಿದುಕೊಟ್ಟರೆ ನಾನು ಇದನ್ನ ಬಿಡ್ತೀನಿ."

"ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು ಕಪ್ಪಕ್ಕ. ದನಿ ಅರ್ಧ ಆಗಿತ್ತು. ಗಂಟಲು ಒಣಗಿತ್ತು.

ಅಲ್ಲಿ ಹೊಂಡ ವಡೆಯಷ್ಟಿದ್ದದ್ದು ಬಿಸ್ಕತ್ತಿನಷ್ಟಾಯ್ತು.

ಕುಪ್ಪ. ಕುಪ್ಪ. ಕುಪ್ಪ. ಬೋರಜ್ಜಿ ಸೀರೆಯಲ್ಲಿ ಜೋಲಿ ಕಟ್ಟಿ ತೂಗ್ತಿದ್ದಳು. ಜೋಲಿ ಅಂದರೆ ಗೊತ್ತಲ್ಲ? ಸೀರೆ ತೊಟ್ಟಿಲು. ನಿನ್ನನ್ನೂ ಅದರಲ್ಲೇ ತೂಗಿದ್ದೀನಿ. ಕೈ ನೋವು ಬರೋಷ್ಟು.

"ಬೋರಜ್ಜಿ ಬೋರಜ್ಜಿ, ಸೀರೆ ಹರಿದು ಕೊಡಜ್ಜಿ. ನೀನು ಹರಿದರೆ ಬೊಮ್ಮಣ್ಣ ಬಿಡ್ತಾನೆ. ಬೊಮ್ಮಣ್ಣ ಬಿಟ್ಟರೆ ಮಾರಕ್ಕ ತರ್ತಾಳೆ. ಮಾರಕ್ಕ ತಂದರೆ ಓಬಕ್ಕ ಕೊಡ್ತಾಳೆ. ಓಬಕ್ಕ ಕೊಟ್ಟರೆ ತಿಪ್ಪಣ್ಣ ತೊಳೀತಾನೆ. ತಿಪ್ಪಣ್ಣ ತೊಳೆದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ ಉಳೀತಾವೆ."

"ಶ್," ಅಂದಳು ಬೋರಜ್ಜಿ. "ಒಳಗೆ ಪಾಪು ಇದೆ. ಬೊಮ್ಮನ ಮಗಳು. ಹಲ್ಲು ಬರ್ತಿದೆ. ಮೂರು ದಿನದಿಂದ ಅಳು. ಅವರಪ್ಪ ಎತ್ತಿ ಆಡಿಸಿದ, ನಗಲಿಲ್ಲ. ಅವರಮ್ಮ ಗಿಲಕಿ ಆಡಿಸಿದಳು, ನಗಲಿಲ್ಲ. ಈಗ ತಾನೇ ಕಣ್ಣು ಮುಚ್ಚಿದೆ. ಎಬ್ಬಿಸಿದರೆ ನಿನ್ನ ಚರ್ಮ ಸುಲೀತೀನಿ. ತಾನಾಗೇ ಎದ್ದರೆ ಜೋಲಿ ಬಿಚ್ಚಿ ಸೆರಗು ಹರಿದು ಕೊಡ್ತೀನಿ."

"ಆಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ," ಅಂದಳು ಕಪ್ಪಕ್ಕ.

ಅಲ್ಲಿ ಹೊಂಡ ಬಿಸ್ಕತ್ತಿನಷ್ಟಿದ್ದದ್ದು ಚಮಚದಷ್ಟಾಯ್ತು. ಇನ್ನು ಅದಕ್ಕಿಂತ ಸಣ್ಣದು ನನಗೆ ಗೊತ್ತಿಲ್ಲ.

ಕಪ್ಪಕ್ಕ ಏನು ಮಾಡ್ತಾಳೆ? ಎಬ್ಬಿಸೋ ಹಾಗಿಲ್ಲ. ಅಳಿಸೋ ಹಾಗಿಲ್ಲ. ಸುಮ್ಮನೆ ಕೂರೋ ಹಾಗೂ ಇಲ್ಲ. ಜೋಲಿ ಅಂಚಿಗೆ ಹಾರಿ ಕೂತಳು. ಗುಸುಗುಸು ಅಂತ ಹೇಳಿದಳು.

"ಪಾಪು ಪಾಪು, ನೀನು ಎದ್ದರೆ ಅಜ್ಜಿ ಹರೀತಾಳೆ. ಅಜ್ಜಿ ಹರಿದರೆ ಬೊಮ್ಮಣ್ಣ ಬಿಡ್ತಾನೆ. ಬೊಮ್ಮಣ್ಣ ಬಿಟ್ಟರೆ ಮಾರಕ್ಕ ತರ್ತಾಳೆ. ಮಾರಕ್ಕ ತಂದರೆ ಓಬಕ್ಕ ಕೊಡ್ತಾಳೆ. ಓಬಕ್ಕ ಕೊಟ್ಟರೆ ತಿಪ್ಪಣ್ಣ ತೊಳೀತಾನೆ. ತಿಪ್ಪಣ್ಣ ತೊಳೆದರೆ ನೀರು ಹರಿಯುತ್ತೆ. ನೀರು ಹರಿದರೆ ಹೊಂಡ ತುಂಬುತ್ತೆ. ಹೊಂಡ ತುಂಬಿದರೆ ಮರಿ..."

ಅಷ್ಟೇ. ಮುಂದಿನ ಮಾತು ಬರಲಿಲ್ಲ. ಗಂಟಲು ಪೂರ್ತಿ ಒಣಗಿಹೋಗಿತ್ತು. "ಕ್" ಅಂತ ಒಂದು ಸದ್ದು ಬಂತು. ಮತ್ತೆ ಬಾಯಿ ತೆರೆದಳು. ಮತ್ತೆ "ಕ್".

ಪಾಪು ಒಂದು ಕಣ್ಣು ಬಿಟ್ಟಿತು. ಆಮೇಲೆ ಇನ್ನೊಂದು ಕಣ್ಣು ಬಿಟ್ಟಿತು. ಕಪ್ಪಕ್ಕನ್ನ ನೋಡಿತು. "ಕ್" ಅಂದಳು ಕಪ್ಪಕ್ಕ. ಪಾಪು ನಕ್ಕಿತು. ಕಿಲಕಿಲ ಅಂತ ನಕ್ಕಿತು. ಕಾಲು ಒದ್ದು ಒದ್ದು ನಕ್ಕಿತು. ಹೊಸ ಹಲ್ಲು ಎರಡೂ ಕಾಣೋ ಹಾಗೆ ನಕ್ಕಿತು.

ನೋಡಿ ಮಕ್ಕಳಾ. ಅವರು ತಂದರೆ, ಇವರು ಕೊಟ್ಟರೆ ಅಂತ ಎಲ್ಲರೂ ಅಂದರು. ಪಾಪು ಒಂದೂ ಅನ್ನಲಿಲ್ಲ. ಸುಮ್ಮನೆ ಎದ್ದು ನಕ್ಕಿತು.

ಬೋರಜ್ಜಿಗೆ ಕಣ್ಣಲ್ಲಿ ನೀರು. "ಮೂರು ದಿನ ಆಗಿತ್ತಲ್ಲೇ ನನ್ನವ್ವ, ಈ ನಗು ನೋಡಿ," ಅಂದಳು. ಪಾಪುವನ್ನ ಸೊಂಟಕ್ಕೆ ಏರಿಸಿದಳು. ಜೋಲಿ ಬಿಚ್ಚಿದಳು. ಪರ್ರ್ ಅಂತ ಸೆರಗು ಹರಿದಳು. ಒಂದಿಷ್ಟು ನೀರು ತಂದು ಕಪ್ಪಕ್ಕನ ತಲೆ ಮೇಲೆ ಚಿಮುಕಿಸಿದಳು.

ಪಾಪು ಎದ್ದಿತು, ಅಜ್ಜಿ ಹರಿದಳು. ಬೊಮ್ಮಣ್ಣ ಆ ನಗು ಕೇಳಿ ಓಡಿಬಂದ. ಮಗಳ ಬಾಯಿ ನೋಡಿದ. ಎರಡು ಹಲ್ಲು. ಪಂಚೆ ಮಡಿಸಿ ಮಡಿಸಿ ಚೌಕ ಮಾಡಿದ. "ತಗೋ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ," ಅಂದ. ಈ ಸಲ ಅವನೇ ಅಂದ. ಮೋಟರ್ ಬೈಕ್ ಹತ್ತಿಸಿ ಕಪ್ಪಕ್ಕನ್ನ ಪಂಚೆ ಸಮೇತ ಮಾರಕ್ಕನ ಹತ್ರ ಬಿಟ್ಟುಬಂದ.

ಪಾಪು ಎದ್ದಿತು, ಅಜ್ಜಿ ಹರಿದಳು. ಅಜ್ಜಿ ಹರಿದಳು, ಬೊಮ್ಮಣ್ಣ ಬಿಟ್ಟ. ಮಾರಕ್ಕ ಎಲೆ ಅಡಿಕೆ ಉಗುಳಿ ಎದ್ದಳು. ಬುಟ್ಟಿ ತಲೆ ಮೇಲೆ. ಬುಟ್ಟಿಯಲ್ಲಿ ಪಂಚೆ. ಪಂಚೆ ಮೇಲೆ ಕಪ್ಪಕ್ಕ. "ಗಟ್ಟಿ ಹಿಡ್ಕೋ," ಅಂದಳು. ಡಬ್ಬಿ ಲೋಟ ಎಲ್ಲಾ ಠಣಠಣ ಅಂತಿತ್ತು.

ಪಾಪು ಎದ್ದಿತು, ಅಜ್ಜಿ ಹರಿದಳು. ಅಜ್ಜಿ ಹರಿದಳು, ಬೊಮ್ಮಣ್ಣ ಬಿಟ್ಟ. ಬೊಮ್ಮಣ್ಣ ಬಿಟ್ಟ, ಮಾರಕ್ಕ ತಂದಳು. ಐದು ಗಂಟೆ ಆಗಿತ್ತು. ತಿಪ್ಪಣ್ಣ ಕಾರೊಳಗೆ ಕೂತಿದ್ದ. ಕಾರು ಬುರ್ ಅಂತಿತ್ತು. ಓಬಮ್ಮ ಪಂಚೆ ಇಸ್ಕೊಂಡು ಓಡಿದಳು. ಕಾರಿಗೆ ಅಡ್ಡ ನಿಂತಳು.

"ಮಾವನ ಪಂಚೆ. ನಾನೇ ಬಟ್ಟಲಿಗೆ ಹಾಕಿಬಿಟ್ಟಿದ್ದೆ. ತಪ್ಪಾಯ್ತು ರೀ," ಅಂದಳು.

ತಿಪ್ಪಣ್ಣ ಬೈತಾನೆ ಅಂದ್ಕೊಂಡ್ರಾ? ಬೈಯಲಿಲ್ಲ. ಪಂಚೆ ಕೈಗೆ ತಗೊಂಡ. ಕೆನ್ನೆಗೆ ಒತ್ಕೊಂಡ. "ಬಂತಲ್ಲ, ಬಿಡು," ಅಂದ. ಕಾರು ಆಫ್ ಮಾಡಿದ. ಎರಡು ಬಕೆಟ್ ನೀರು ಇಟ್ಕೊಂಡ.

ಪಾಪು ಎದ್ದಿತು, ಅಜ್ಜಿ ಹರಿದಳು. ಅಜ್ಜಿ ಹರಿದಳು, ಬೊಮ್ಮಣ್ಣ ಬಿಟ್ಟ. ಬೊಮ್ಮಣ್ಣ ಬಿಟ್ಟ, ಮಾರಕ್ಕ ತಂದಳು. ಮಾರಕ್ಕ ತಂದಳು, ಓಬಕ್ಕ ಕೊಟ್ಟಳು. ಓಬಕ್ಕ ಕೊಟ್ಟಳು, ತಿಪ್ಪಣ್ಣ ತೊಳೆದ. ತಲೆ ಉಜ್ಜಿದ. ಬೆನ್ನು ಉಜ್ಜಿದ. ನಾಲ್ಕೂ ಚಕ್ರ ಉಜ್ಜಿದ. "ಆಹಾ, ಬೆನ್ನಿಗೆ ಹಾಯಾಯ್ತು," ಅಂತು ಕಾರು.

ತಿಪ್ಪಣ್ಣ ತೊಳೆದ, ನೀರು ಹರಿಯಿತು. ಸುರ್ರಂತ ಇಳಿಯಿತು. ನೀರು ಹರಿಯಿತು, ಹೊಂಡ ತುಂಬಿತು. ಚಮಚದಷ್ಟಿದ್ದದ್ದು ಬಿಸ್ಕತ್ತಿನಷ್ಟಾಯ್ತು. ಬಿಸ್ಕತ್ತಿನಷ್ಟಿದ್ದದ್ದು ವಡೆಯಷ್ಟಾಯ್ತು. ವಡೆಯಷ್ಟಿದ್ದದ್ದು ಪೂರಿಯಷ್ಟಾಯ್ತು. ಪೂರಿಯಷ್ಟಿದ್ದದ್ದು ರೊಟ್ಟಿಯಷ್ಟಾಯ್ತು. ರೊಟ್ಟಿಯಷ್ಟಿದ್ದದ್ದು ತಟ್ಟೆಯಷ್ಟಾಯ್ತು. ತಟ್ಟೆಯಷ್ಟಿದ್ದದ್ದು ಮೊರದಷ್ಟಾಯ್ತು.

ಕಪ್ಪಕ್ಕ ದುಡುಂ ಅಂತ ಹಾರಿದಳು. ಎಣಿಸಿದಳು. ಒಂದು ಬಾಲ ಆಡಿತು. ಎರಡು. ಮೂರು. ನಾಲ್ಕು. ಐದು. ಆರು. ಏಳು. ಎಂಟು. ಒಂಬತ್ತು. ಹತ್ತು.

ಹತ್ತೇ.

ಉಸಿರು ಬಿಡಿ, ಬಿಡಿ. ಕೆಸರು ಸ್ವಲ್ಪ ಕದಲಿತು. ಹನ್ನೊಂದನೇದು ಒಂದು ಬೇವಿನೆಲೆ ಕೆಳಗೆ ಅವಿತುಕೊಂಡಿತ್ತು. ಆಚೆ ಬಂದು ಬಾಲ ಆಡಿಸಿತು.

ಆಗ ಕಪ್ಪಕ್ಕನಿಗೆ ದನಿ ಬಂತು. ಎಂಥಾ ದನಿ. "ವಟರ್ ವಟರ್. ಪಾಪುವಿನ ಹೊಟ್ಟೆ ತಣ್ಣಗಿರಲಿ. ಅಜ್ಜಿಯ ಹೊಟ್ಟೆ ತಣ್ಣಗಿರಲಿ. ಬೊಮ್ಮಣ್ಣನ ಹೊಟ್ಟೆ ತಣ್ಣಗಿರಲಿ. ಮಾರಕ್ಕನ ಹೊಟ್ಟೆ ತಣ್ಣಗಿರಲಿ. ಓಬಕ್ಕನ ಹೊಟ್ಟೆ ತಣ್ಣಗಿರಲಿ. ತಿಪ್ಪಣ್ಣನ ಹೊಟ್ಟೆ ತಣ್ಣಗಿರಲಿ. ಕಾರಣ್ಣನ ಹೊಟ್ಟೆ ತಣ್ಣಗಿರಲಿ. ವಟರ್ ವಟರ್."

ತಿಪ್ಪಣ್ಣ ಆ ಸದ್ದು ಎಲ್ಲಿಂದ ಅಂತ ಬಗ್ಗಿ ನೋಡಿದ. ಇಷ್ಟು ವರ್ಷ ಕಾರು ತೊಳೆದಿದ್ದ. ನೀರು ಎಲ್ಲಿಗೆ ಹೋಗುತ್ತೆ ಅಂತ ಒಂದು ದಿನವೂ ನೋಡಿರಲಿಲ್ಲ. ಈಗ ನೋಡಿದ. ಹನ್ನೊಂದು ಬಾಲ.

ಅಲ್ಲೇ ಕುಕ್ಕರುಗಾಲಲ್ಲಿ ಕೂತ. "ನಾನು ಕಾರು ತೊಳೀತಿದ್ದೀನಿ ಅಂದ್ಕೊಂಡಿದ್ದೆ," ಅಂದ. "ನಿಮಗೆ ನೀರು ಹುಯ್ತಿದ್ದೆನಾ?"

ಬಕೆಟ್ಟಲ್ಲಿ ಅರ್ಧ ನೀರು ಉಳಿದಿತ್ತು. ತಿಳಿ ನೀರು. ತಿಪ್ಪಣ್ಣ ಅದರಲ್ಲೇ ಕೈಕಾಲು ತೊಳ್ಕೊಂಡು ಒಳಗೆ ಹೋಗೋದು ವಾಡಿಕೆ. ಅವತ್ತು ಬಕೆಟ್ ಎತ್ತಿದ. ಮರಿಗಳಿಗೆ ಗಾಬರಿ ಆಗದ ಹಾಗೆ, ಮೆಲ್ಲಗೆ, ಪೂರ್ತಿ ಹೊಂಡಕ್ಕೆ ಬಗ್ಗಿಸಿದ. ಕೆಸರುಗಾಲಲ್ಲೇ ಒಳಗೆ ಹೋದ. ಓಬಮ್ಮ ಆಗಷ್ಟೇ ನೆಲ ಒರೆಸಿದ್ದಳು. ಚೆನ್ನಾಗಿ ಬೈದಳು. ತಿಪ್ಪಣ್ಣ ನಕ್ಕೊಂಡು ಬೈಸ್ಕೊಂಡ. ಆಮೇಲೆ ಅವಳ ಕೈ ಹಿಡ್ಕೊಂಡು, "ಬಾ, ಒಂದು ತೋರಿಸ್ತೀನಿ," ಅಂತ ಬೇವಿನ ಮರದ ಹತ್ರ ಕರ್ಕೊಂಡು ಹೋದ.

ಹೊಂಡ ತುಂಬಿತು, ನನ್ನ ಬಾಯಿ ಒಣಗಿತು. ಹ್ಞೂಂ ಅಂದೋರ ಹೊಟ್ಟೆ ತಣ್ಣಗಿರಲಿ. ಹೋಗಿ, ಯಾರಾದರೊಬ್ಬರು ನನಗೊಂದು ಲೋಟ ನೀರು ತನ್ನಿ.